ಕಾಡಿನ ಇಂಗಾಲ: ಲಾಭಕ್ಕಿಂತ ಮೊದಲು ನಷ್ಟದ ಲೆಕ್ಕ ಕೇಳಿ

ಜಮೀನು ಯಾರದು ಎಂದರೆ ಕಾಗದಪತ್ರ ತೋರಿಸುತ್ತಾರೆ. ಮರ ಯಾರದು ಎಂದರೆ ಜಗಳ ಆಗಬಹುದು, ಆದರೂ ಕೊನೆಗೊಂದು ಉತ್ತರ ಸಿಗುತ್ತದೆ. ಆ ಮರದೊಳಗಿನ ಇಂಗಾಲ ಯಾರದು ಎಂದು ಕೇಳಿ ನೋಡಿ. ಎಷ್ಟೋ ದೇಶಗಳ ಕಾನೂನಿನಲ್ಲಿ ನೇರ ಉತ್ತರವೇ ಇಲ್ಲ. ವ್ಯಾಪಾರ ಮಾತ್ರ ನಡೆಯುತ್ತಲೇ ಇದೆ: ಕಾಡು ಉಳಿಸುವ, ಬೆಳೆಸುವ ಯೋಜನೆಗಳು ಇಂಗಾಲದ ಲೆಕ್ಕ ಮಾರುತ್ತವೆ, ತಮ್ಮ ಹೊಗೆಗೆ ಸರಿದೂಗಿಸಲು ಕಂಪನಿಗಳು ಕೊಳ್ಳುತ್ತವೆ.

ನಾನು ಕೆಲಕಾಲ ಇಂಥದ್ದೊಂದು ಯೋಜನೆಯಲ್ಲಿ ಮರ ಅಳೆಯುವ ಕೆಲಸ ಮಾಡಿದವಳು. ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಅಂದರೆ ಹೆಚ್ಚುಕಡಿಮೆ ಎದೆಮಟ್ಟದಲ್ಲಿ, ಕಾಂಡಕ್ಕೆ ಟೇಪು ಸುತ್ತಿ ಅಳತೆ ಬರೆದುಕೊಳ್ಳಬೇಕು. ಯಾವ ಜಾತಿಯ ಮರ ಎಂದು ಗೊತ್ತಾದರೆ ಸೂತ್ರ ಹಾಕಿ ತೂಕ ಅಂದಾಜು ಮಾಡಬಹುದು. ಒಣಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಅದನ್ನು 3.67ರಿಂದ ಗುಣಿಸಿದರೆ ಕಾರ್ಬನ್ ಡೈಆಕ್ಸೈಡ್ ಲೆಕ್ಕ ಬರುತ್ತದೆ. ಜಾತಿ ಗುರುತಿಸಿ ಹೇಳುತ್ತಿದ್ದವರು ಕಾಡಂಚಿನ ಜನ. ನಮ್ಮ ಕೈಯಲ್ಲಿದ್ದ ಚಿತ್ರಪುಸ್ತಕಕ್ಕಿಂತ ಅವರ ಕಣ್ಣು ಚುರುಕು. ಒಪ್ಪಂದದಲ್ಲಿ ಅವರ ಪಾಲು ಎಷ್ಟು ಎಂದು ಕೇಳಿದರೆ ಮೇಲಿನವರು ಮಾತು ಬದಲಿಸುತ್ತಿದ್ದರು.

ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕಾಡು ಉಳಿಸುವ ಯೋಜನೆಗಳು ಮರದಲ್ಲಿ ಈಗಾಗಲೇ ಇರುವ ಇಂಗಾಲವನ್ನು ಹಾಗೇ ಮಾರುವುದಿಲ್ಲ. ಯೋಜನೆ ಇಲ್ಲದಿದ್ದರೆ ಇಷ್ಟು ಕಾಡು ಹೋಗುತ್ತಿತ್ತು ಎಂದು ಮೊದಲು ಅಂದಾಜು ಮಾಡುತ್ತಾರೆ. ಅದರಲ್ಲಿ ಉಳಿದಷ್ಟಕ್ಕೆ, ಕಾರ್ಬನ್ ಡೈಆಕ್ಸೈಡಿನ ಟನ್ನಿಗೆ ಒಂದರಂತೆ, ಕ್ರೆಡಿಟ್ ಎಂಬ ಮಾರಬಹುದಾದ ಪತ್ರ. ಅಂದರೆ ಮಾರಾಟವಾಗುವುದು ಕಡಿಯುವುದಿಲ್ಲ ಎಂಬ ಮಾತು. ತಲೆಮಾರುಗಳಿಂದ ಕೊಡಲಿ ಹಾಕದೇ ಕಾಯ್ದವರ ಕಾಡಿಗೆ ಅಪಾಯವೇ ಇಲ್ಲ ಎಂದು ಲೆಕ್ಕ ಬಂದರೆ, ಅವರಿಗೆ ಮಾರಲು ಏನೂ ಉಳಿಯುವುದಿಲ್ಲ. ವಿಚಿತ್ರ ಅಲ್ವಾ? ಕಾಡು ಜಾಸ್ತಿ, ನಾಶ ಕಡಿಮೆ ಇರುವ ದೇಶಗಳಿಗೆಂದು ಆಮೇಲೆ ಬೇರೆ ಲೆಕ್ಕದ ವಿಧಾನ ಬಂತು. ದಕ್ಷಿಣ ಅಮೆರಿಕದ ಗಯಾನಾ ದೇಶ ಅದನ್ನೇ ಬಳಸಿಕೊಂಡಿತು. 2022ರ ಡಿಸೆಂಬರಿನಲ್ಲಿ ಹೆಸ್ ಎಂಬ ತೈಲ ಕಂಪನಿಗೆ ಕನಿಷ್ಠ 75 ಕೋಟಿ ಡಾಲರಿಗೆ ಕ್ರೆಡಿಟ್ ಮಾರುವ ಒಪ್ಪಂದ ಮಾಡಿಕೊಂಡಿತು. ಮೂಲನಿವಾಸಿಗಳ ಹಳ್ಳಿಗಳಿಗೆ ಶೇ. 15. ನಮ್ಮನ್ನು ಸರಿಯಾಗಿ ಕೇಳಲೇ ಇಲ್ಲ ಎಂದು ಅಲ್ಲಿನ ಮೂಲನಿವಾಸಿ ಸಂಘಟನೆಯೊಂದು ತಕರಾರು ತೆಗೆಯಿತು.

ಶೇಕಡಾವಾರು ಚೌಕಾಸಿಯಲ್ಲೇ ಎಲ್ಲರ ಗಮನ ಇರುತ್ತದೆ. ನನಗೆ ಅದಕ್ಕಿಂತ ಮುಖ್ಯ ಎನಿಸುವುದು ಬೇರೆ. ಕಾಡು ಸುಟ್ಟುಹೋದರೆ, ಕಳ್ಳರು ಕಡಿದರೆ, ಬೆಲೆ ಬಿದ್ದರೆ ನಷ್ಟ ಯಾರ ಮೈಮೇಲೆ ಬರುತ್ತದೆ?

ನ್ಯೂಜಿಲೆಂಡ್ ಕಥೆ ಕೇಳಿ. 1989ರ ನಂತರ ನೆಟ್ಟ ಕಾಡಿನ ಒಡೆಯರು ಅಲ್ಲಿನ ಇಂಗಾಲ ವ್ಯಾಪಾರ ವ್ಯವಸ್ಥೆಗೆ ಸೇರಬಹುದು. ಮರ ಬೆಳೆದಂತೆ ಅವರಿಗೆ ಯೂನಿಟ್, ಅಂದರೆ ಅಲ್ಲಿನ ಕ್ರೆಡಿಟ್, ಬರುತ್ತದೆ, ಕಾಡೇ ತೆಗೆದರೆ ವಾಪಸ್ ಕೊಡಬೇಕು. ಇದು ಒಪ್ಪುವ ಮಾತು. ಆದರೆ 1990ಕ್ಕಿಂತ ಹಿಂದಿನ ಕಾಡಿನ ಇಂಗಾಲದ ಲಾಭ ಒಡೆಯರಿಗೆ ಸಿಗಲಿಲ್ಲ. ಆ ನೆಡುತೋಪು ತೆಗೆದು ಜಮೀನನ್ನು ಬೇರೆ ಕೆಲಸಕ್ಕೆ ಬಳಸಿದರೆ ಯೂನಿಟ್ ತುಂಬಿಕೊಡುವ ಬಾಕಿ ಮಾತ್ರ ಒಡೆಯರದೇ. ಸರ್ಕಾರ ಒಂದು ಸಲ ಪರಿಹಾರ ಕೊಟ್ಟಿತು ನಿಜ. ಆದರೂ ಬ್ರಿಟಿಷರೊಂದಿಗಿನ ಹಳೇ ಒಪ್ಪಂದ ಮುರಿದ ಅನ್ಯಾಯಕ್ಕೆ ಪರಿಹಾರವಾಗಿ ಕಾಡಿನ ಜಮೀನು ವಾಪಸ್ ಪಡೆದಿದ್ದ ಅಲ್ಲಿನ ಮೂಲನಿವಾಸಿ ಮಾವೊರಿ ಜನರಿಗೆ ಇದು ನುಂಗಲಾರದ ತುತ್ತಾಯಿತು. ಜಮೀನು ಕೈಗೆ ಬಂತು, ಅದನ್ನು ಹೇಗೆ ಬಳಸಬೇಕೆಂಬ ಆಯ್ಕೆ ಕುಗ್ಗಿತು.

ಬ್ರೆಜಿಲ್‌ನಲ್ಲಿ ಪೈತೇರ್ ಸುರುಯಿ ಎಂಬ ಮೂಲನಿವಾಸಿ ಜನರ ದಾರಿ ಬೇರೆ. 1988ರ ಸಂವಿಧಾನದ ಪ್ರಕಾರ ಅವರ ಜಮೀನು ಒಕ್ಕೂಟ ಸರ್ಕಾರದ ಆಸ್ತಿ. ಆದರೆ ಅದರ ಮೇಲಿನ ನೆಲ, ನೀರಿನ ಸಂಪತ್ತನ್ನು ಅನುಭವಿಸುವ ಹಕ್ಕು ಅವರೊಬ್ಬರದೇ. ಹಾಗಾಗಿ ಇಂಗಾಲವೂ ನಮ್ಮದೇ ಎಂದು ವಾದಿಸಿ, 2013ರಲ್ಲಿ ನಾತುರಾ ಎಂಬ ಸೌಂದರ್ಯವರ್ಧಕ ಕಂಪನಿಗೆ 1,20,000 ಟನ್ನಿನ ಕ್ರೆಡಿಟ್ ಮಾರಿದರು. ವಾದ ಗೆದ್ದಿತು, ಕಾಡು ಸೋತಿತು. ಅಕ್ರಮ ಗಣಿಗಾರಿಕೆ, ಮರಗಳ್ಳತನ ಹೆಚ್ಚಾಗಿ 2018ರಲ್ಲಿ ಯೋಜನೆ ನಿಂತುಹೋಯಿತು. ಹಕ್ಕು ಯಾರದೆಂದು ತೀರ್ಮಾನವಾದರೂ, ಕಾವಲಿಗೆ ಸರ್ಕಾರ ಬೆನ್ನಿಗೆ ನಿಲ್ಲದಿದ್ದರೆ ಆ ಹಕ್ಕಿನಿಂದ ಏನು ಮಾಡುವುದು?

ಜಿಂಬಾಬ್ವೆಯಲ್ಲಂತೂ 2023ರ ಮೇ ತಿಂಗಳಲ್ಲಿ ಸರ್ಕಾರ ಇದ್ದಕ್ಕಿದ್ದಂತೆ ಹಳೇ ಒಪ್ಪಂದಗಳೆಲ್ಲ ರದ್ದು, ಆದಾಯದಲ್ಲಿ ಅರ್ಧ ನಮಗೆ ಎಂದು ಘೋಷಿಸಿತು. ಆಗಿನ ಘೋಷಣೆಯಂತೆ ವಿದೇಶಿ ಹೂಡಿಕೆದಾರರಿಗೆ ಹೆಚ್ಚೆಂದರೆ ಶೇ. 30, ಸ್ಥಳೀಯರಿಗೆ ಕನಿಷ್ಠ ಶೇ. 20. ಅಲ್ಲಿನ ಕರಿಬಾ ಎಂಬ ಕಾಡು ಉಳಿಸುವ ಯೋಜನೆಯಲ್ಲಿ ದುಡ್ಡು ಹಳ್ಳಿಗಳಿಗೆ ಎಷ್ಟು ತಲುಪಿತು ಎಂಬ ಪ್ರಶ್ನೆ ಎದ್ದಿದ್ದು ನಿಜ. ಆದರೆ ಆನೆ ಕಾಟ, ಬೆಂಕಿ, ಉಳುಮೆ ಬಿಟ್ಟ ನಷ್ಟ ಎಲ್ಲ ಹಳ್ಳಿಯವರದು, ಸಣ್ಣ ಪಾಲೂ ಅವರದೇ. ಇದ್ಯಾವ ನ್ಯಾಯ?

ಬೆಂಕಿಯ ನಷ್ಟ ತುಂಬಲು ಅಂತಲೇ ಕೆಲವು ಯೋಜನೆಗಳು ಒಂದಷ್ಟು ಕ್ರೆಡಿಟ್ ಮಾರದೇ ತೆಗೆದಿಡುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಕ್ರೆಡಿಟ್ ಕೊಟ್ಟ ಮೇಲೆ 100 ವರ್ಷ ಇಂಗಾಲ ಉಳಿಯಬೇಕು ಎಂಬ ನಿಯಮ. ಕಾಳ್ಗಿಚ್ಚಿಗೆಂದು ಇಟ್ಟ ಪಾಲಿನ ಬಹುಭಾಗವನ್ನು ಹತ್ತು ವರ್ಷದೊಳಗಿನ ಬೆಂಕಿಗಳೇ ನುಂಗಿದವು ಎಂದು 2022ರಲ್ಲಿ ಸಂಶೋಧಕರು ಲೆಕ್ಕ ಹಾಕಿದರು.

ಈಗಲೂ ಯಾರಾದರೂ ಇಂಥ ಒಪ್ಪಂದದ ಪ್ರತಿ ಕಳಿಸಿ ಹೇಗಿದೆ ನೋಡು ಅಂದರೆ, ಲಾಭ ಹಂಚಿಕೆಯ ಪುಟಕ್ಕೆ ನಾನು ಕೊನೆಗೆ ಬರುತ್ತೇನೆ. ಮೊದಲು ಹುಡುಕುವುದು ಮೂರು ಸಾಲು: ಕಾಡು ಹೋದರೆ ಯಾರು ತುಂಬಿಕೊಡಬೇಕು, ಜನ ಬೇಡ ಎಂದರೆ ಹೊರಬರಲು ದಾರಿ ಇದೆಯೇ, ಕ್ರೆಡಿಟ್ ಯಾವ ಬೆಲೆಗೆ ಮಾರಾಟವಾಯಿತು ಎಂದು ಅವರಿಗೆ ತಿಳಿಸಲೇಬೇಕೇ. ಮೂರನೆಯದು ಎಷ್ಟೋ ಸಲ ಇರುವುದೇ ಇಲ್ಲ. ಮಾರಿದ ಬೆಲೆಯೇ ಗೊತ್ತಿಲ್ಲದವರಿಗೆ ಶೇ. 20 ಎಂದರೂ ಒಂದೇ, ಶೇ. 60 ಎಂದರೂ ಒಂದೇ.