ಹೊಳೆ ತಿಳಿಯಾಗುವ ಹೊತ್ತು: ಮೇ ತಿಂಗಳ ಟ್ರೌಟ್ ಲೆಕ್ಕ

ಕೊನೆಗೂ ಲೆಕ್ಕ ಸಿಕ್ಕಿತು. ಟ್ರೌಟ್ ಅನ್ನುವ ತಣ್ಣೀರಿನ ಮೀನು ಹಿಡಿಯಲು ಮೇ ತಿಂಗಳಲ್ಲಿ ಹಿಮಾಚಲದ ಯಾವ ಹೊಳೆಗೆ ಯಾವ ಹೊತ್ತಿನಲ್ಲಿ ಇಳಿಯಬೇಕು ಅನ್ನುವುದು ಈ ಸಲ ನನಗೂ ಭಾವನಿಗೂ ಸ್ಪಷ್ಟವಾಯಿತು. ರಾಡ್, ರೀಲ್, ಗಂಟು, ಕಾಸ್ಟಿಂಗ್ ಬಗ್ಗೆ ಏನೂ ಬರೆಯುವುದಿಲ್ಲ. ಕೊಯ್ಲಾದ ಗದ್ದೆಯಲ್ಲಿ ನಿಂತು ಲೈನ್ ಬೀಸಿ ಕಲಿತವರು ನಾವೆಲ್ಲ, ಅದು ನಿಮಗೆ ಗೊತ್ತೇ ಇದೆ.

ಮೇ ತಿಂಗಳೇ ಯಾಕೆ ಅಂದರೆ, ತೋಟ ಇರುವವರಿಗೆ ಬಿಡುವು ಸಿಗುವುದೇ ಆಗ. ಕಾಫಿ ಕೊಯ್ದು ಒಣಗಿಸಿ ಆಗಿರುತ್ತದೆ, ಕಾಫಿ ಹೂ ಅರಳಿಸುವ ಹೂಮಳೆಯೂ ಬಂದಿರುತ್ತದೆ, ಮುಂಗಾರು ಇನ್ನೂ ಹಿಡಿದಿರುವುದಿಲ್ಲ. ಮಕ್ಕಳಿಗೂ ರಜೆ. ಹಿಮಾಚಲದಲ್ಲಿ ಟ್ರೌಟ್ ಹಿಡಿಯಲು ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಅವಕಾಶ ಇದೆ, ನವೆಂಬರ್ 1ರಿಂದ ಫೆಬ್ರವರಿ ಕೊನೆವರೆಗೆ ಬಂದ್. ಹೊಳೆ ಚೆನ್ನಾಗಿ ತಿಳಿಯಾಗಿರುವುದು ಅಕ್ಟೋಬರ್‌ನಲ್ಲಿ, ಆದರೆ ಆಗ ನಮಗೆ ತೋಟ ಬಿಟ್ಟು ಹೊರಡಲು ಆಗುವುದಿಲ್ಲ. ಹಾಗಾಗಿ ಹಿಮ ಕರಗುವ ತಿಂಗಳೇ ನಮ್ಮ ಪಾಲಿಗೆ ಬಂದದ್ದು.

ನಮ್ಮ ಕೊಡಗಿನ ತೊರೆಗಳಲ್ಲೇ ಟ್ರೌಟ್ ಇದ್ದಿದ್ದರೆ ಅಂತ ಭಾವ ಪ್ರತಿ ವರ್ಷ ಕೇಳುತ್ತಾರೆ. ಆಗದ ಮಾತು. ಟ್ರೌಟ್ ಚುರುಕಾಗಿ ತಿನ್ನುವುದು ನೀರು ಸುಮಾರು 10ರಿಂದ 16 ಡಿಗ್ರಿ ಇದ್ದಾಗ. 20 ದಾಟಿದರೆ ಅದಕ್ಕೆ ಕಷ್ಟ ಶುರು. ನಮ್ಮ ಅತಿ ಎತ್ತರದ ತಡಿಯಂಡಮೋಳ್ 1748 ಮೀಟರ್ ಅಷ್ಟೆ, ಏಪ್ರಿಲ್‌ನಲ್ಲಿ ಕೆಳಗಿನ ತೊರೆಗೆ ಥರ್ಮಾಮೀಟರ್ ಇಳಿಬಿಟ್ಟರೆ 20ರ ಮೇಲೇ ತೋರಿಸುತ್ತದೆ. ಹತ್ತಿರದಲ್ಲಿ ಅಂದರೆ ನೀಲಗಿರಿ. ಅವಲಾಂಚಿಯಲ್ಲಿ 1907ರಲ್ಲೇ ಟ್ರೌಟ್ ಮರಿ ಕೇಂದ್ರ ಮಾಡಿದ್ದರು. ಆದರೆ ಅಲ್ಲಿನ ಮೇಲಿನ ತೊರೆಗಳು ಜಾಸ್ತಿ ಕಾಡಿನ ಒಳಗೇ ಇವೆ, ನಮಗೆ ಇಳಿಯಲು ಆಗುವುದಿಲ್ಲ. ಅದಕ್ಕೇ ಚಂಡೀಗಢದವರೆಗೆ ರೈಲು, ಅಲ್ಲಿಂದ ಬಾಡಿಗೆ ಗಾಡಿ. ರೋಹ್ರು ಹತ್ತಿರ ಪಬ್ಬರ್, ಸಾಂಗ್ಲಾದಲ್ಲಿ ಬಸ್ಪಾ, ಜಲೋರಿ ಪಾಸ್ ಹತ್ತಿ ಇಳಿದರೆ ತೀರ್ಥನ್, ಕೊನೆಗೆ ಬರೋಟ್‌ನ ಊಹ್ಲ್. ಲೈಸೆನ್ಸ್ ಮೀನುಗಾರಿಕೆ ಇಲಾಖೆಯದು, ದಾರಿ ಎಲ್ಲರಿಗೂ ಗೊತ್ತಿರುವಂಥದ್ದೇ.

ಈಗ ತಲೆ ತಿಂದ ಸಮಸ್ಯೆಗೆ ಬರೋಣ. ಹಿಮನದಿ ಕಲ್ಲನ್ನು ಅರೆದು ಪುಡಿ ಮಾಡುತ್ತದೆ. ಬಿಸಿಲೇರಿ ಮಂಜು ಕರಗಿದಾಗ ಆ ಪುಡಿಯೆಲ್ಲ ಹೊಳೆಗೆ ಬರುತ್ತದೆ, ನೀರು ಅಕ್ಕಿ ತೊಳೆದ ನೀರಿನ ಹಾಗೆ ಆಗುತ್ತದೆ. ಆ ನೀರಿನಲ್ಲಿ ಮೀನಿಗೆ ಫ್ಲೈ, ಅಂದರೆ ಕೊಕ್ಕೆಗೆ ಗರಿ-ದಾರ ಸುತ್ತಿ ಮಾಡಿದ ಹುಳದ ನಕಲು, ಕಾಣುವುದೇ ಇಲ್ಲ. "ಬೆಳಗ್ಗೆ ಬೇಗ ಹೋಗಿ, ಮಧ್ಯಾಹ್ನ ಕಲಂಕು ಆಗುತ್ತದೆ" ಅಂತ ಎಲ್ಲರೂ ಹೇಳುತ್ತಾರೆ. ನಾವೂ ರೋಹ್ರುವಿನಲ್ಲಿ ಕತ್ತಲು ಹರಿಯುವ ಮುಂಚೆ ಎದ್ದು ಪಬ್ಬರ್ ದಡಕ್ಕೆ ಹೋದೆವು. ನೀರು ಬೂದಿ ಬಣ್ಣ! ಮೊಣಕಾಲು ಮಟ್ಟದ ನೀರಿನಲ್ಲಿ ಬೂಟು ಕಾಣಲಿಲ್ಲ. ರಾತ್ರಿ ಮಳೆ ಇಲ್ಲ, ಬಿಸಿಲು ಇನ್ನೂ ಬಿದ್ದಿಲ್ಲ, ಆದರೂ ಕಲಂಕು. ಇದು ನಿಜಕ್ಕೂ ಹುಚ್ಚು ಹಿಡಿಸಿತು. ಭಾವ ಗಾಡಿ ತಿರುಗಿಸಿ ಮುಂದಿನ ಊರಿಗೆ ಹೋಗೋಣ ಅಂದರು. ನಾನು ಒಪ್ಪಲಿಲ್ಲ. ಸೇತುವೆ ಮೇಲಿಂದ ದಾರಕ್ಕೆ ಕಟ್ಟಿದ ಥರ್ಮಾಮೀಟರ್ ಇಳಿಬಿಟ್ಟು, ಗಂಟೆಗೊಮ್ಮೆ ನೀರಿನ ಬಿಸಿ ಮತ್ತು ಬೂಟು ಕಾಣುವ ಆಳ ಬರೆದುಕೊಳ್ಳುತ್ತ ಕೂತೆ. ಹನ್ನೊಂದರ ಹೊತ್ತಿಗೆ ನೀರು ತೆಳುವಾಗತೊಡಗಿತು. ಊಟದ ಹೊತ್ತಿಗೆ ತಳದ ಕಲ್ಲು ಎಣಿಸಬಹುದಿತ್ತು!

ಅಲ್ಲಿ ಹೊಳೆಯಿತು. ಅದು ಹಿಂದಿನ ದಿನದ ಬಿಸಿಲಿನ ನೀರು. ಮಂಜು ಜಾಸ್ತಿ ಕರಗುವುದು ಮಧ್ಯಾಹ್ನ, ಮೇಲ್ಗಡೆ ಹೊಳೆ ಉಬ್ಬುವುದು ಸಂಜೆ ನಾಲ್ಕೈದು ಗಂಟೆಗೆ. ಆ ನೀರು ಕೆಳಗೆ ಬರಲು ಹೊತ್ತು ಬೇಕಲ್ವಾ? ಸೆಕೆಂಡಿಗೆ ಒಂದೂವರೆ ಮೀಟರ್ ಅಂತ ಇಟ್ಟುಕೊಂಡರೆ ಗಂಟೆಗೆ ಐದು ಕಿಲೋಮೀಟರ್ ಚಿಲ್ಲರೆ. ಮಂಜು 50 ಕಿ.ಮೀ. ಮೇಲಿದ್ದರೆ ಸಂಜೆಯ ಕಲಂಕು ನಾವು ನಿಂತ ಜಾಗಕ್ಕೆ ಬರುವುದು ನಡುರಾತ್ರಿ ಕಳೆದು ಎರಡರ ಹೊತ್ತಿಗೆ. ಅದು ಪೂರ್ತಿ ಹಾದು ಹೋಗಲು ಇನ್ನೂ ಕೆಲವು ಗಂಟೆ. ಹಾಗಾಗಿ ಅಂಥ ಕಡೆ ಮಧ್ಯಾಹ್ನವೇ ಒಳ್ಳೆಯ ಹೊತ್ತು, ಮುಂಜಾನೆಯೇ ಕೆಟ್ಟದ್ದು. ಮಂಜು ಹತ್ತಿರವೇ ಇದ್ದರೆ ಎಲ್ಲರೂ ಹೇಳುವ ಮಾತು ಸರಿ. ಚಿತ್ಕುಲ್ 3450 ಮೀಟರ್ ಎತ್ತರದಲ್ಲಿದೆ. ಅಲ್ಲಿ ಬಸ್ಪಾ ಬೆಳಗ್ಗೆ ಗಾಜು, ಸಂಜೆ ಬೂದಿ.

ಆದರೆ ಅಲ್ಲಿ ಇನ್ನೊಂದು ತೊಂದರೆ. ನೀರು ತಿಳಿಯಾಗಿರುವ ಹೊತ್ತಿನಲ್ಲಿ ಥರ್ಮಾಮೀಟರ್ 5 ಡಿಗ್ರಿ ತೋರಿಸಿತು. ಅಷ್ಟು ತಣ್ಣಗಿದ್ದರೆ ಟ್ರೌಟ್ ತಳಕ್ಕೆ ಅಂಟಿಕೊಂಡು ಸುಮ್ನೆ ಇರುತ್ತದೆ, ಮೂಗಿನ ಮುಂದೆ ನಿಂಫ್ (ನೀರೊಳಗಿನ ಮರಿಹುಳದ ಹಾಗಿರುವ ಫ್ಲೈ) ಹೋದರೂ ಅಲುಗಾಡುವುದಿಲ್ಲ. ನೀರು ಬೆಚ್ಚಗಾಗುವ ಹೊತ್ತಿಗೆ ಕಲಂಕು ಬಂದು ಮುಟ್ಟುತ್ತದೆ. ಅಂದರೆ ಮಂಜಿಗೆ ತೀರಾ ಹತ್ತಿರ ಹೋದರೂ ಪ್ರಯೋಜನ ಇಲ್ಲ.

ಇದಕ್ಕೆ ಸಿಕ್ಕ ಉತ್ತರ ಉಪತೊರೆಗಳು. ದೊಡ್ಡ ಹೊಳೆಯ ಹೆಸರು ನೋಡಿ ಹೋಗುವುದು ಬಿಟ್ಟು, ನಕ್ಷೆಯಲ್ಲಿ ಅದಕ್ಕೆ ಸೇರುವ ತೊರೆಯ ತಲೆ, ಅಂದರೆ ಅದು ಹುಟ್ಟುವ ಜಾಗ, ಎಷ್ಟು ಎತ್ತರದಲ್ಲಿದೆ ಅಂತ ನೋಡಬೇಕು. ತಲೆ 3500 ಮೀಟರ್ ಆಸುಪಾಸಿನಲ್ಲೇ ಮುಗಿದು, ಗುಡ್ಡ ದಕ್ಷಿಣಕ್ಕೆ ಮುಖ ಮಾಡಿದ್ದರೆ ಮೇ ಹೊತ್ತಿಗೆ ಅಲ್ಲಿ ಮಂಜು ಬಹುತೇಕ ಮುಗಿದಿರುತ್ತದೆ. ಬರುವುದು ಕಾಡಿನ ನೀರು, ಊಟೆಯ ನೀರು. ಗುಶೈನಿಯಲ್ಲಿ ಪಲಾಚನ್ ತೊರೆ ತೀರ್ಥನ್‌ಗೆ ಸೇರುವ ಜಾಗದಲ್ಲಿ ಇದನ್ನು ಕಣ್ಣಾರೆ ಕಂಡೆವು. ಒಂದು ಬದಿ ಮಸುಕು, ಇನ್ನೊಂದು ಬದಿ ತಿಳಿ, ನಡುವೆ ಗೆರೆ. ತಿಳಿ ನೀರಿನಲ್ಲಿ 11 ಡಿಗ್ರಿ ಇತ್ತು. "ಭಾವ, ಗೆರೆ ಮೇಲೇ ಹಾಕಿ" ಅಂದೆ. ಮಸುಕು ನೀರಿನ ಅಂಚಿನಲ್ಲಿ ಅಡಗಿ ನಿಂತು ತಿಳಿ ನೀರಿನಲ್ಲಿ ತೇಲಿ ಬರುವುದನ್ನು ತಿನ್ನುವ ಬ್ರೌನ್ ಟ್ರೌಟ್ ಅಲ್ಲೇ ಇತ್ತು. ಹಾಕಿದ್ದು 14ನೇ ಸೈಜಿನ ಕಪ್ಪು ನಿಂಫ್, ಮುಳುಗಲು ಭಾರದ ಟಂಗ್‌ಸ್ಟನ್ ಮಣಿ. ಕೈ ಒದ್ದೆ ಮಾಡಿ, ಕೊಕ್ಕೆ ಬಿಡಿಸಿ, ನೀರಿನಲ್ಲೇ ಬಿಟ್ಟೆವು. ಆ ಕೆಂಪು ಚುಕ್ಕೆಗಳನ್ನು ನೋಡಿದರೆ ಕೂತಿದ್ದ ಗಂಟೆಗಳೆಲ್ಲ ಸಾರ್ಥಕ.

ಬರೋಟ್‌ನಲ್ಲಿ ಈ ಲೆಕ್ಕ ಅಣೆಕಟ್ಟಿನ ಮೇಲ್ಗಡೆ ಮಾತ್ರ ನಡೆಯುತ್ತದೆ. ಕೆಳಗಡೆಯ ನೀರು ಶಾನನ್ ವಿದ್ಯುತ್ ಕೇಂದ್ರದವರು ಬಿಟ್ಟಂತೆ. ಸಾಂಗ್ಲಾದ ಹತ್ತಿರ ಕುಪ್ಪಾ ಬ್ಯಾರೇಜ್‌ನ ಕೆಳಗೂ ಅಷ್ಟೆ.

ಸಾಮಾನಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಆನ್‌ಲೈನ್ ಅಂಗಡಿಯೊಂದು 14ನೇ ಸೈಜಿನ ಕೊಕ್ಕೆ ಕೇಳಿದರೆ ಅದಕ್ಕಿಂತ ದೊಡ್ಡದಾದ 8ನೇದು ಕಳಿಸಿತು, ಅದೂ ಹೊರಡುವ ಹಿಂದಿನ ವಾರ. ಅವರೇ ಕೊಟ್ಟ 5ಎಕ್ಸ್ ಟಿಪ್ಪೆಟ್ (ಫ್ಲೈ ಕಟ್ಟುವ ತುದಿಯ ತೆಳು ದಾರ) ಗಂಟು ಬಿಗಿಯುವಾಗಲೇ ಪಟ್ ಅಂತ ಹೋಯಿತು. ಎಷ್ಟು ಕಾಲದಿಂದ ಬಿಸಿಲಿಗೆ ಇಟ್ಟಿದ್ದರೋ! ಫ್ಲೈಗೆ ಸುತ್ತುವ ಗರಿಗೆ (ಹ್ಯಾಕಲ್) ಮಾತ್ರ ಯಾರನ್ನೂ ಕೇಳಬೇಕಿಲ್ಲ, ಮನೆಯ ನಾಟಿ ಹುಂಜದ ಕುತ್ತಿಗೆ ಗರಿ ಚೆನ್ನಾಗಿದೆ. ಕಾಡುಕೋಳಿ ಗರಿ ಎಷ್ಟೇ ಚೆಂದ ಇದ್ದರೂ ಮುಟ್ಟುವ ಹಾಗಿಲ್ಲ, ಅದು ಸಂರಕ್ಷಿತ ಹಕ್ಕಿ.

ಇದರ ನಡುವೆ ಇನ್ನೊಂದು ಹುಚ್ಚು ಹತ್ತಿದೆ, ಬಿದಿರಿನ ರಾಡ್ ನಾನೇ ಮಾಡುವುದು. ಚೀನಾದ ಟೊಂಕಿನ್ ಬಿದಿರು ಬರುವ ಮುಂಚೆ ಹೊರದೇಶದವರು ಸೀಳು ಬಿದಿರಿನ ರಾಡ್ ಮಾಡುತ್ತಿದ್ದದ್ದು ನಮ್ಮ ದೇಶದ ಬಿದಿರಿನಿಂದ. ಅದನ್ನು ಕಲ್ಕತ್ತಾ ಕೇನ್ ಅನ್ನುತ್ತಿದ್ದರು. ಒಳಗೆ ಟೊಳ್ಳು ಕಡಿಮೆ ಇರುವ ಗಟ್ಟಿ ಬಿದಿರು ಅದು. ಅಂಥದ್ದೇ ಒಂದು ಹಿಂಡಿಲು ನಮ್ಮ ತೋಟದ ಬೇಲಿಯಲ್ಲಿದೆ. ಆರು ಸೀಳು, ಪ್ರತಿಯೊಂದೂ 60 ಡಿಗ್ರಿ ಮೂಲೆಯ ತ್ರಿಕೋನ, ಸೇರಿಸಿ ಅಂಟಿಸಿದರೆ ಷಟ್ಕೋನ. ಅಮಾವಾಸ್ಯೆ ಹತ್ತಿರ ಕಡಿದರೆ ಹುಳ ಹಿಡಿಯುವುದಿಲ್ಲ ಅಂತ ಹಿರಿಯರು ಹೇಳುತ್ತಾರೆ, ಹಾಗೇ ಕಡಿಯುತ್ತೇನೆ. ಮಳೆಗಾಲ ಪೂರ್ತಿ ಅಡುಗೆಮನೆ ಅಟ್ಟದಲ್ಲಿ ಹೊಗೆಗೆ ಒಣಗಲಿ. ಸೀಳಲು ತ್ರಿಕೋನದ ಅಚ್ಚು ಬೇಕು, ಗೋಣಿಕೊಪ್ಪದ ಲೇತ್‌ನವರ ಹತ್ತಿರ ಮಾತಾಡಿದ್ದೇನೆ.

ಅಷ್ಟರಲ್ಲಿ ಭಾವ ಪಬ್ಬರ್ ಕಡೆಯ ಉಪತೊರೆಗಳ ತಲೆ ಎತ್ತರ ಬರೆದು ಪಟ್ಟಿ ಮಾಡುತ್ತಿದ್ದಾರೆ. ಮುಂದಿನ ಮೇ ತಿಂಗಳಲ್ಲಿ ಅಲ್ಲಿಂದಲೇ ಶುರು, ಬೆಳಗ್ಗೆ ಹತ್ತರ ಮುಂಚೆ ದೊಡ್ಡ ಹೊಳೆಗೆ ಇಳಿಯುವುದಿಲ್ಲ.