ದೊಡ್ಡಪ್ಪನ ಯೆಜ್ಡಿ ಮತ್ತೆ ರೋಡಿಗೆ ಬಂತು

ಎರಡು ವರ್ಷದ ಹಿಂದೆ ಊರಿಗೆ ಹೋದಾಗ ಹೊಗೆಸೊಪ್ಪು ಒಣಗಿಸೋ ಬ್ಯಾರನ್ ಪಕ್ಕದ ಶೆಡ್ಡಲ್ಲಿ ಸೌದೆ ಎತ್ತಿ ಕೊಡ್ತಿದ್ದೆ, ಕೆಳಗಿಂದ ಒಂದು ಹ್ಯಾಂಡಲ್ ಬಾರ್ ಇಣುಕ್ತು. ಅದರ ಮೇಲೆ ಹರಿದ ಗೋಣಿಚೀಲ, ಗೋಣಿಚೀಲದೊಳಗೆ ಇಲಿ ಗೂಡು. ದೊಡ್ಡಪ್ಪನ ಯೆಜ್ಡಿ ಬೈಕ್ ಅಂತ ನೋಡಿದ ತಕ್ಷಣ ಗೊತ್ತಾಯ್ತು, ಯಾಕಂದ್ರೆ ನಾನು ಚಿಕ್ಕವನಿದ್ದಾಗ ಅದರ ಟ್ಯಾಂಕ್ ಮೇಲೆ ಕೂತು ಹುಣಸೂರು ಸಂತೆಗೆ ಹೋಗಿದ್ದೀನಿ, ಹಿಂದೆ ದೊಡ್ಡಮ್ಮ, ಎರಡೂ ಕಡೆ ತರಕಾರಿ ಚೀಲ. 1979ರ ಗಾಡಿ. 2003ರ ಸುಮಾರಿಗೆ ನಿಲ್ಸಿದ್ದು, ಆಮೇಲೆ ದೊಡ್ಡಪ್ಪ ಹಾಲಿನ ಕ್ಯಾನ್ ಹಾಕಕ್ಕೆ ಅಂತ ಒಂದು ಎಕ್ಸೆಲ್ ಮೊಪೆಡ್ ತಗೊಂಡ್ರು, ಇದರ ಮೇಲೆ ಸೌದೆ ಬಿತ್ತು ಅಷ್ಟೆ.

ನಾನು ಮೈಸೂರಲ್ಲಿ ಇರೋದು. ನಮ್ಮ ಕಡೆಯವರಿಗೆ ಈ ಗಾಡಿ ಅಂದ್ರೆ ಬರೀ ಹಳೆ ಬೈಕ್ ಅಲ್ಲ. 1960ರಲ್ಲಿ ಐಡಿಯಲ್ ಜಾವಾ ಕಂಪ್ನಿ ಶುರುವಾಗಿ 1961ರಿಂದ ಮೈಸೂರಿನ ಯಾದವಗಿರಿ ಫ್ಯಾಕ್ಟ್ರೀಲಿ ಜೆಕೊಸ್ಲೊವಾಕಿಯಾದ ಲೈಸೆನ್ಸಲ್ಲಿ ಜಾವಾ ಬೈಕ್ ಮಾಡ್ತಿದ್ರು, 1973ರಿಂದ ಅದೇ ಗಾಡಿ ಯೆಜ್ಡಿ ಹೆಸರಲ್ಲಿ ಬರಕ್ಕೆ ಶುರುವಾಯ್ತು, 1996ರಲ್ಲಿ ಫ್ಯಾಕ್ಟ್ರಿ ಬಾಗಿಲು ಹಾಕ್ತು. ಮೈಸೂರಲ್ಲಿ ಎಷ್ಟೋ ಮನೇಲಿ ಒಬ್ಬರಾದ್ರೂ ಜಾವಾ ಫ್ಯಾಕ್ಟ್ರೀಲಿ ಕೆಲ್ಸ ಮಾಡಿದೋರು ಸಿಗ್ತಾರೆ. ನಮ್ಮ ಮನೆ ಕೆಳಗಿನ ಬೀದೀಲೇ ಇಬ್ಬರಿದ್ದಾರೆ. ಈಗ ಬೇರೆ ಕಂಪ್ನಿಯವರು 2018ರಲ್ಲಿ ಜಾವಾನೂ 2022ರಲ್ಲಿ ಯೆಜ್ಡಿನೂ ಹೊಸದಾಗಿ ಬಿಟ್ಟಿದ್ದಾರೆ, ಅವು ಫೋರ್ ಸ್ಟ್ರೋಕ್, ಹಳೇವು ಟೂ ಸ್ಟ್ರೋಕ್, ಹೊಸವೂ ಚೆನ್ನಾಗೇ ಇವೆ, ಆದ್ರೆ ನನಗೆ ಬೇಕಾಗಿದ್ದು ಈ ಸೌದೆ ಕೆಳಗಿರೋದು.

ದೊಡ್ಡಪ್ಪನ ಹತ್ರ ಕೇಳ್ದೆ. "ತಗೊಂಡೋಗು ಮಗ, ಆದ್ರೆ ಗುಜರಿಗೆ ಹಾಕ್ಬೇಡ" ಅಂದ್ರು.

ಹಳೆ ಗಾಡಿ ಎತ್ತಬೇಕು ಅಂತಿರೋರಿಗೆ ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ಸ್ಪ್ಯಾನರ್ ಮುಟ್ಟೋಕಿಂತ ಮುಂಚೆ ಆರ್‌ಸಿ ಹುಡುಕಿ. ನಮ್ಮ ಅದೃಷ್ಟಕ್ಕೆ ದೊಡ್ಡಮ್ಮ ಪಹಣಿ ಜೊತೆ ಟ್ರಂಕಲ್ಲಿ ಇಟ್ಟಿದ್ರು, ಸಿ ಇಂದ ಶುರುವಾಗೋ ಹಳೆ ಮೂರಕ್ಷರದ ನಂಬರ್, ಕೆಎ ಬರೋಕ್ಕಿಂತ ಮುಂಚಿಂದು. ರಿಜಿಸ್ಟ್ರೇಷನ್ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂ ಮಾಡಿಸ್ತಾ ಹೋಗ್ಬೇಕು, ನಮ್ಮದು ಎಷ್ಟೋ ವರ್ಷದಿಂದ ಸತ್ತುಹೋಗಿತ್ತು. ಚಾಸಿ ನಂಬರ್ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೀಬೇಕು, ನಮ್ಮ ಗಾಡೀಲಿ ಬಣ್ಣದ ಮೇಲೆ ಬಣ್ಣ ಕೂತು ನಂಬರೇ ಕಾಣ್ತಿರ್ಲಿಲ್ಲ, ಥಿನ್ನರ್ ಹಚ್ಚಿ ಹಚ್ಚಿ ಹತ್ತಿ ಬಟ್ಟೇಲಿ ಒರೆಸಿದ ಮೇಲೆ ಒಂದೊಂದೇ ಅಂಕೆ ಎದ್ದು ಬಂತು. ಇನ್ಶೂರೆನ್ಸು, ದಂಡ, ಗ್ರೀನ್ ಟ್ಯಾಕ್ಸು, ಗಾಡಿ ತಗೊಂಡೋಗಿ ತೋರ್ಸೋದು, ಇದಕ್ಕೇ ನಾಲ್ಕು ತಿಂಗಳು ಹೋಯ್ತು. 50 ವರ್ಷ ತುಂಬಿದ್ರೆ ವಿಂಟೇಜ್ ಅಂತ ಬೇರೆ ನಂಬರ್ ಕೊಡ್ತಾರೆ, 2021ರಲ್ಲಿ ಬಂದ ರೂಲು, ಆದ್ರೆ ಆ ನಂಬರ್ ಹಾಕಿದ್ರೆ ದಿನಾ ಓಡಿಸೋ ಹಾಗಿಲ್ಲ. ನನಗೆ ಓಡಿಸಬೇಕಿತ್ತು.

ಇಂಜಿನ್ ಜಾಮ್ ಆಗಿತ್ತು. ಕಿಕ್ಕರ್ ಮೇಲೆ ನಿಂತ್ರೂ ಅಲ್ಲಾಡಲ್ಲ. ನಮ್ಮ ಮೇಸ್ತ್ರಿ ಜಾವಾ ಯೆಜ್ಡಿ ಬಿಟ್ಟು ಬೇರೆ ಗಾಡಿ ಕೈಗೆತ್ತಿಕೊಳ್ಳೋದು ಕಡಿಮೆ, ಅವರು ಪ್ಲಗ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟು ನೋಡಿ ಏನೂ ಹೇಳ್ಲಿಲ್ಲ, ಅರ್ಧ ಸೀಮೆಎಣ್ಣೆ ಅರ್ಧ ಡೀಸೆಲ್ ಬೆರೆಸಿ ಪ್ಲಗ್ ತೂತಿಂದ ತುಂಬಿ, "ಒಂದು ವಾರ ಬಿಟ್ಟು ಬನ್ನಿ ಸಾರ್" ಅಂದ್ರು. ವಾರಕ್ಕೆ ಬಿಡ್ಲಿಲ್ಲ. ಮತ್ತೆ ತುಂಬಿದ್ರು. ಒಂಬತ್ತನೇ ದಿನ ಹೆಡ್ ತೆಗೆದು ಪಿಸ್ಟನ್ ಮೇಲೆ ಮರದ ತುಂಡಿಟ್ಟು ಸುತ್ತಿಗೇಲಿ ಮೆಲ್ಲಗೆ ಬಡೀತಾ ಬಡೀತಾ ಹೋದಾಗ ಟಕ್ ಅಂತ ಒಂದು ಸದ್ದು, ಪಿಸ್ಟನ್ ಒಂದು ಕೂದಲಷ್ಟು ಇಳೀತು. ಅವತ್ತು ನನಗೆ ಆದ ಖುಷಿ ಆಮೇಲೆ ಗಾಡಿ ಸ್ಟಾರ್ಟ್ ಆದಾಗಲೂ ಆಗ್ಲಿಲ್ಲ ಅಂತ ಕಾಣುತ್ತೆ.

ಬೋರ್ ಒಳಗೆ, ಅಂದ್ರೆ ಪಿಸ್ಟನ್ ಓಡಾಡೋ ಕೊಳವೆ ಒಳಗೆ, ತುಕ್ಕಿನ ಉಂಗುರ ಕೂತಿತ್ತು, 65 ಎಂಎಂ ಬೋರ್, ಅದನ್ನ ಲೇತಿಗೆ ಕೊಟ್ಟು ಸ್ವಲ್ಪ ಅಗಲ ಕೊರೆಸಿ ಓವರ್‌ಸೈಜ್ ಪಿಸ್ಟನ್ ಹಾಕ್ಸಿದ್ವಿ. ಪಿಸ್ಟನ್ ಓಟಕ್ಕೆ ತಿರುಗೋ ಕ್ರ್ಯಾಂಕನ್ನ ಪ್ರೆಸ್ಸಲ್ಲಿ ಬಿಚ್ಚಿ ಕನೆಕ್ಟಿಂಗ್ ರಾಡ್ ಬದಲಾಯ್ತು, ಬೇರಿಂಗ್ ಎಲ್ಲಾ ಹೊಸದು. ಪಾರ್ಟ್ಸಿಗೆ ಬೆಂಗಳೂರಿನ ಜೆಸಿ ರೋಡ್, ಶಿವಾಜಿನಗರ ಎಲ್ಲಾ ಸುತ್ತಿದೆ, ಕೆಲವು ಮೈಸೂರಲ್ಲೇ ಮೇಸ್ತ್ರಿ ಅಟ್ಟದ ಮೇಲೆ ಗ್ರೀಸ್ ಪೇಪರಲ್ಲಿ ಸುತ್ತಿ ಇಟ್ಟಿದ್ರು.

ಈ ಇಂಜಿನ್ನಲ್ಲಿ ಎಲ್ಲಕ್ಕಿಂತ ಮುಖ್ಯ ಕ್ರ್ಯಾಂಕ್ ಸೀಲು, ಬೆರಳಲ್ಲಿ ಎತ್ತೋ ಅಷ್ಟು ಚಿಕ್ಕ ರಬ್ಬರ್ ರಿಂಗು, ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಟೂ ಸ್ಟ್ರೋಕ್ ಇಂಜಿನ್ನು ಉಸಿರಾಡೋದು ಹೊಟ್ಟೆಯಿಂದ. ಪಿಸ್ಟನ್ ಮೇಲೆ ಹೋದಾಗ ಕೆಳಗಿನ ಕ್ರ್ಯಾಂಕ್ ಕೇಸಲ್ಲಿ ಗಾಳಿ ಖಾಲಿಯಾಗಿ ಕಾರ್ಬ್ಯುರೇಟರಿಂದ ಪೆಟ್ರೋಲ್ ಗಾಳಿ ಎಳ್ಕೊಳುತ್ತೆ, ಕೆಳಗೆ ಬಂದಾಗ ಅದನ್ನೇ ಒತ್ತಿ ಬದಿಯ ಕಿಂಡಿಗಳಿಂದ ಮೇಲಕ್ಕೆ ತಳ್ಳುತ್ತೆ. ಆ ಹೊಟ್ಟೆ ಭದ್ರವಾಗಿ ಮುಚ್ಚಿರ್ಬೇಕು, ಮುಚ್ಚೋ ಕೆಲಸ ಆ ಸೀಲಿನದು. ಎಡಗಡೆ ಕ್ಲಚ್ ಇರೋ ಕಡೆ ಸೀಲ್ ಹೋದ್ರೆ ಗೇರ್ ಆಯಿಲ್ ಒಳಗೆ ಎಳ್ಕೊಂಡು ಸುಡುತ್ತೆ, ಊರೆಲ್ಲಾ ಬಿಳಿ ಹೊಗೆ, ಗೇರ್ ಬಾಕ್ಸಲ್ಲಿ ಆಯಿಲ್ ನೋಡಿದ್ರೆ ಇರಲ್ಲ. ಬಲಗಡೆ ಡೈನಮೋ ಕಡೆ ಹೋದ್ರೆ ಇನ್ನೂ ಅಪಾಯ, ಅಲ್ಲಿಂದ ಬರೀ ಗಾಳಿ ಎಳ್ಕೊಳುತ್ತೆ, ಪೆಟ್ರೋಲ್ ಸಾಲದೆ ಇಂಜಿನ್ ಕಾಯುತ್ತೆ, ಪೆಟ್ರೋಲ್ ಸಾಲದೆ ಹೋದ್ರೆ ಅದರಲ್ಲಿ ಬೆರೆಸಿರೋ ಎಣ್ಣೆನೂ ಸಾಲಲ್ಲ, ಪಿಸ್ಟನ್ ಹಿಡ್ಕೊಳುತ್ತೆ. ದೊಡ್ಡಪ್ಪ ಗಾಡಿ ನಿಲ್ಸಿದ್ದು ಯಾಕೆ ಅಂತ ಕೇಳಿದ್ದಕ್ಕೆ "ಹೊಗೆ ಜಾಸ್ತಿ ಆಯ್ತು ಕಣೋ, ಇಂಜಿನ್ ಮುಗೀತು ಅಂದ್ರು ಎಲ್ಲ" ಅಂದ್ರು. ಬಿಚ್ಚಿ ನೋಡಿದ್ರೆ ಕ್ಲಚ್ ಕಡೆ ಸೀಲ್ ಒಣಗಿ ಕಡ್ಲೆಬೀಜದ ಸಿಪ್ಪೆ ತರ ಪುಡಿಪುಡಿ. ಅಷ್ಟಕ್ಕೆ ಇಪ್ಪತ್ತು ವರ್ಷ ಸೌದೆ ಕೆಳಗೆ ಇತ್ತು ಪಾಪ. ನಿಮ್ಮ ಮನೇಲೂ ಹೊಗೆ ಬರುತ್ತೆ ಅಂತ ಮೂಲೆಗೆ ಹಾಕಿರೋ ಜಾವಾನೋ ಯೆಜ್ಡಿನೋ ಇದ್ರೆ ದಯವಿಟ್ಟು ಮಾರೋ ಮುಂಚೆ ಸೀಲ್ ನೋಡ್ಸಿ.

ಟ್ಯಾಂಕ್ ಕೆಲಸ ನಾನೇ ಮನೇಲಿ ಮಾಡ್ದೆ. ಒಳಗೆಲ್ಲಾ ತುಕ್ಕು, ಅಲ್ಲಾಡ್ಸಿದ್ರೆ ಮರಳು ತುಂಬಿದ ಡಬ್ಬದ ಸದ್ದು. ಎರಡು ಕೆಜಿ ಹಳೆ ಹುಣಸೆಹಣ್ಣು ಬಿಸಿನೀರಲ್ಲಿ ಕಿವುಚಿ ಸೋಸಿ ಅದರೊಳಗೆ ಹಾಕಿ, ಎರಡು ಹಿಡಿ ಸಣ್ಣ ಜಲ್ಲಿನೂ ಹಾಕಿ, ಟ್ಯಾಂಕನ್ನ ಗೋಣಿಚೀಲದಲ್ಲಿ ಸುತ್ತಿ ತೊಡೆ ಮೇಲಿಟ್ಕೊಂಡು ತೊಟ್ಟಿಲ ತರ ತೂಗೋದು, ಸಾಯಂಕಾಲ ಆಫೀಸಿಂದ ಬಂದು ಒಂದೊಂದು ಗಂಟೆ, ಮೂರು ದಿನ. ಹೊರಗೆ ಸುರಿದಾಗ ಕಾಫಿ ಡಿಕಾಕ್ಷನ್ ಬಣ್ಣದ ನೀರು, ಒಳಗೆ ತಗಡು ಬೂದಿ ಬಣ್ಣಕ್ಕೆ ತಿರುಗಿತ್ತು. ಆಮೇಲೆ ವಾಷಿಂಗ್ ಸೋಡಾ ನೀರಲ್ಲಿ ತೊಳೆದು ಹುಳಿ ತೆಗೀಬೇಕು, ತಕ್ಷಣ ಹೇರ್ ಡ್ರೈಯರ್ ಹಿಡಿದು ಒಣಗಿಸ್ಬೇಕು, ಕೂಡಲೇ ಟೂಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲಲ್ಲಿ ಬೆರೆಸೋ ಎಣ್ಣೆ) ಹಾಕಿ ಒಳಗೆಲ್ಲಾ ಹರಡಿಸ್ಬೇಕು. ಮೊದಲನೇ ಸಲ ನಾನು ಊಟ ಮಾಡಿ ಬಂದು ಒಣಗಿಸೋಣ ಅಂತ ಬಿಟ್ಟೆ, ಬರೋಷ್ಟರಲ್ಲಿ ಒಳಗೆ ಕೇಸರಿ ಬಣ್ಣದ ಹೊಸ ತುಕ್ಕು ಎದ್ದಿತ್ತು. ಮತ್ತೆ ಹುಣಸೆಹಣ್ಣು, ಮತ್ತೆ ತೂಗೋದು.

ಇನ್ನು ಮಾಡಿಫಿಕೇಷನ್ ವಿಷ್ಯ. ಗೆಳೆಯರೆಲ್ಲಾ ಬಾಬರ್ ಮಾಡ್ಸು ಅಂದ್ರು, ಹಿಂದಿನ ಮಡ್‌ಗಾರ್ಡ್ ಕತ್ತರಿಸು, ಚೈನ್ ಕವರ್ ಬಿಸಾಕು, ಸಿಂಗಲ್ ಸೀಟು, ದಪ್ಪ ಟೈರು, ಮ್ಯಾಟ್ ಬ್ಲಾಕ್. ಫೋಟೋ ನೋಡಿ ನನಗೂ ಆಸೆ ಆಗಿತ್ತು. ಕಾನೂನು ಪ್ರಕಾರ ಹಾಗೆಲ್ಲಾ ಗಾಡಿ ರೂಪ ಬದಲಾಯ್ಸೋ ಹಾಗಿಲ್ಲ, ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಇದೆ. ಆದ್ರೆ ನನ್ನನ್ನ ತಡೆದಿದ್ದು ಚೈನ್ ಕವರ್. ಅದನ್ನ ತೆಗೆದು ನೋಡ್ದೆ, ಇಪ್ಪತ್ತು ವರ್ಷ ಆ ಕೆಂಪು ಧೂಳಲ್ಲಿ ನಿಂತಿದ್ರೂ ಒಳಗೆ ಚೈನು ಗ್ರೀಸ್ ಸಮೇತ ಹಾಗೇ ಕಪ್ಪಗೆ ಹೊಳೀತಿತ್ತು. ನಾಲ್ಕೂ ಕಡೆ ಮುಚ್ಚಿರೋ ತಗಡು, ಇದನ್ನ ಮಾಡಿದೋರು ನಮ್ಮ ರೋಡು, ನಮ್ಮ ಮಳೆ, ನಮ್ಮ ಕೆಸರು ಎಲ್ಲಾ ತಿಳಿದೇ ಮಾಡಿದ್ದಾರೆ ಅನ್ನಿಸ್ತು. ಅದರ ಮೇಲೆ ಗ್ರೈಂಡರ್ ಇಡೋಕೆ ನನಗೆ ಕೈ ಬರ್ಲಿಲ್ಲ.

ಆಗ ಮೇಸ್ತ್ರಿ ಹತ್ರ ಒಂದು ಒಪ್ಪಂದ ಮಾಡ್ಕೊಂಡೆ. ಏನು ಬದಲಾಯ್ಸಿದ್ರೂ ವಾಪಸ್ ಮೊದಲಿನ ಹಾಗೆ ಮಾಡೋಕಾಗ್ಬೇಕು. ಕತ್ತರಿಸೋದು, ವೆಲ್ಡಿಂಗ್ ಮಾಡೋದು, ಫ್ರೇಮಲ್ಲಿ ತೂತು ಕೊರೆಯೋದು ಬೇಡವೇ ಬೇಡ. ಬೋಲ್ಟ್ ಬಿಚ್ಚಿ ಹಾಕೋದು ಏನಿದ್ರೂ ಸರಿ.

ಅದರಲ್ಲಿ ದೊಡ್ಡದು 12 ವೋಲ್ಟ್. ಗಾಡಿ ಬಂದಿದ್ದು 6 ವೋಲ್ಟಲ್ಲಿ, ಸ್ಪಾರ್ಕ್ ಕೊಡ್ಸೋಕೆ ಪಾಯಿಂಟ್ ಸೆಟ್ಟು, ಕರೆಂಟಿಗೆ ಡೈನಮೋ. ಮೊದಲು ಹಾಗೇ ಓಡಿಸ್ದೆ, ಫೀಲರ್ ಗೇಜ್ ಹಿಡಿದು ಪಾಯಿಂಟ್ ಗ್ಯಾಪ್ 0.4 ಎಂಎಂ ಇಡೋದನ್ನೂ ಕಲ್ತೆ. ಆದ್ರೆ ನಮ್ಮೂರು ನಾಗರಹೊಳೆ ಕಾಡಂಚು, ಕತ್ತಲಾದ ಮೇಲೆ ಆನೆ ರೋಡ್ ದಾಟ್ತವೆ, ಆ 6 ವೋಲ್ಟ್ ಲೈಟಲ್ಲಿ ಐಡಲಿಂಗಿಗೆ ಬಂದ್ರೆ ಬಲ್ಬು ಬೆಂಕಿಕಡ್ಡಿ ಆರೋ ತರ ಕೆಂಪಗಾಗುತ್ತೆ. ಒಂದು ರಾತ್ರಿ ತಿರುವಲ್ಲಿ ಹಸು ಅಡ್ಡ ನಿಂತಿದ್ದು ಹತ್ತಡಿ ಹತ್ರ ಬಂದಾಗ ಕಾಣಿಸ್ತು. ಹಸು ಬದಲು ಆನೆ ಇದ್ದಿದ್ರೆ? ಮಾರನೇ ವಾರವೇ 12 ವೋಲ್ಟ್ ಆಲ್ಟರ್ನೇಟರ್ ಕಿಟ್ ತರ್ಸಿ ಹಾಕ್ಸಿದೆ, ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು, ಹಳೆ ಹೆಡ್‌ಲೈಟ್ ಡೂಮಿಗೇ ಒಳ್ಳೆ ಬಲ್ಬು. ಹಳೆ ಡೈನಮೋ ಎಣ್ಣೆ ಬಟ್ಟೇಲಿ ಸುತ್ತಿ ಬೀರುವಲ್ಲಿಟ್ಟಿದ್ದೀನಿ. ಅದಲ್ದೆ ಸೀಟಿಗೆ ಒಳ್ಳೆ ಫೋಮು, ಬ್ರೇಕಿಗೆ ಹೊಸ ಲೈನರು. ಇಷ್ಟೆ.

ಬಣ್ಣದ ವಿಷ್ಯದಲ್ಲಿ ದೊಡ್ಡಪ್ಪಂಗೂ ನನಗೂ ಜಗಳ ಆಯ್ತು. ಈಗ ತುಕ್ಕು ಹಾಗೇ ಬಿಟ್ಟು ಮೇಲೆ ಕ್ಲಿಯರ್ ಕೋಟ್ ಹೊಡೆಯೋದು ಒಂದು ಫ್ಯಾಷನ್, ಹಳೇತನ ಕಾಣ್ಲಿ ಅಂತ. ನಾನು ಅದನ್ನೇ ಮಾಡ್ಬೇಕು ಅಂತಿದ್ದೆ. ಫೋನಲ್ಲಿ ಫೋಟೋ ತೋರ್ಸಿದ್ದಕ್ಕೆ ಅವರ ಮುಖ ಸಪ್ಪೆ ಆಯ್ತು. "ನಾನು ಭಾನುವಾರ ಭಾನುವಾರ ತೊಳೆದು ತೆಂಗಿನೆಣ್ಣೆ ಸವರಿ ಇಟ್ಟಿದ್ದ ಗಾಡಿ ಅದು. ಈ ತುಕ್ಕು ಗಾಡಿದಲ್ಲ, ನನ್ನ ಕೈಲಾಗದೆ ಹೋದಾಗ ಬಂದಿದ್ದು. ಅದನ್ನ ಊರಿಗೆಲ್ಲಾ ತೋರಿಸ್ತೀಯಾ?" ಅಂದ್ರು. ನನಗೆ ಮಾತೇ ಬರ್ಲಿಲ್ಲ. ಮರೂನ್ ಬಣ್ಣ, ತಗಡಿಗೆ ಪುಟ್ಟಿ ಕಡಿಮೆ ಹಾಕಿ ಟಿಂಕರಿಂಗ್ ಜಾಸ್ತಿ ಮಾಡಿ, ಉಪ್ಪುಕಾಗದ ನೀರಲ್ಲಿ ಅದ್ದಿ ಉಜ್ಜಿ ಉಜ್ಜಿ ಹೊಡ್ಸಿದ್ವಿ.

ಟ್ಯಾಂಕ್ ಮೇಲಿನ ಚಿನ್ನದ ಗೆರೆಗೆ ಎಲ್ಲರೂ ಸ್ಟಿಕರ್ ಅಂಟಿಸ್ತಾರೆ. ನನಗೆ ಮನಸ್ಸು ಒಪ್ಪಲಿಲ್ಲ. ಅಂಗಡಿ ಬೋರ್ಡ್ ಬರೀತಿದ್ದ ಒಬ್ಬ ಹಿರಿಯರು ಸಿಕ್ಕಿದ್ರು, ಫ್ಲೆಕ್ಸ್ ಬಂದ ಮೇಲೆ ಅವರಿಗೆ ಕೆಲಸ ಕಡಿಮೆ. ಉದ್ದ ಕೂದಲಿನ ಸಣ್ಣ ಬ್ರಷ್ಷು, ಬಣ್ಣಕ್ಕೆ ಎರಡು ಹನಿ ಟರ್ಪಂಟೈನು, ಕಿರುಬೆರಳನ್ನ ಟ್ಯಾಂಕಿನ ಅಂಚಿಗೆ ಊರ್ಕೊಂಡು ಉಸಿರು ಹಿಡಿದು ಒಂದೇ ಎಳೆತ, ಹ್ಯಾಂಡಲ್ ಕಡೆಯಿಂದ ಸೀಟ್ ತನಕ. ಕೈ ಎತ್ತಿದ ಮೇಲೆ ಉಸಿರು ಬಿಟ್ರು. ಎಡಗಡೆ ಗೆರೆಗೂ ಬಲಗಡೆ ಗೆರೆಗೂ ನೋಡಿದ್ರೆ ಏನೂ ವ್ಯತ್ಯಾಸ ಇಲ್ಲ, ಕೈ ಬೆರಳಿಟ್ಟು ಸವರಿದ್ರೆ ಮಾತ್ರ ಬಣ್ಣ ಕೊಂಚ ಉಬ್ಬಿರೋದು ಗೊತ್ತಾಗುತ್ತೆ. ಅವರು ಕೇಳಿದ್ದಕ್ಕಿಂತ ಜಾಸ್ತಿ ಕೊಟ್ಟೆ.

ಒಟ್ಟು 80 ಸಾವಿರದ ಹತ್ರ ಖರ್ಚು, ಹದಿನಾಲ್ಕು ತಿಂಗಳು.

ಊರಿಗೆ ತಗೊಂಡೋದ ದಿನ ದೊಡ್ಡಪ್ಪ ಜಗಲಿ ಮೇಲೆ ಕೂತಿದ್ರು, ಮಂಡಿ ನೋವು, ಕೋಲಿಲ್ದೆ ಏಳಕ್ಕಾಗಲ್ಲ. ಈ ಗಾಡೀಲಿ ಕಿಕ್ಕರೂ ಗೇರೂ ಒಂದೇ ಕಡ್ಡಿ, ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದ್ರೆ ಕಿಕ್ಕರು, ಸ್ಟಾರ್ಟ್ ಆದ ಮೇಲೆ ಅದೇ ಕೆಳಗೆ ಬಂದು ಗೇರು. ಅವರು ಹತ್ರ ಬಂದು ಎಡಗಾಲ ಚಪ್ಪಲಿ ತುದೀಲಿ ಅದನ್ನ ಒಳಕ್ಕೆ ಒತ್ತಿ ತಿರುಗಿಸಿ ನಿಲ್ಸಿದ್ರು, ನೋಡದೇನೇ. ತುಳಿಯೋಕೆ ಆಗ್ಲಿಲ್ಲ. "ನೀನು ಹೊಡಿ" ಅಂದ್ರು. ಎರಡನೇ ಕಿಕ್ಕಿಗೆ ಹತ್ಕೊಂಡ್ತು, ಎರಡೂ ಸೈಲೆನ್ಸರಿಂದ ಡಪ್ ಡಪ್ ಡಪ್ ಅಂತ. ಒಳಗಿಂದ ದೊಡ್ಡಮ್ಮ ಸೆರಗಲ್ಲಿ ಕೈ ಒರೆಸ್ಕೊಂಡು ಬಂದ್ರು. ದೊಡ್ಡಪ್ಪನ್ನ ಹಿಂದೆ ಕೂರಿಸ್ಕೊಂಡು ಕೆರೆ ಏರಿ ತನಕ ಹೋಗಿ ಬಂದೆ, ದಾರಿ ಉದ್ದಕ್ಕೂ ಏನೂ ಮಾತಾಡ್ಲಿಲ್ಲ, ನನ್ನ ಹೆಗಲ ಮೇಲೆ ಕೈ ಇಟ್ಟಿದ್ರು, ನಾನು ಗೇರ್ ಬದಲಾಯ್ಸೋ ಮುಂಚೆ ಅವರ ಬೆರಳು ಸ್ವಲ್ಪ ಬಿಗಿಯಾಗ್ತಿತ್ತು.

ಈಗ ಗಾಡಿ ಮೈಸೂರಲ್ಲಿದೆ. ಲೀಟರ್ ಪೆಟ್ರೋಲಿಗೆ 40 ಎಂಎಲ್ ಟೂಟಿ ಆಯಿಲ್, ಪ್ರತಿ ಭಾನುವಾರ ಒಂದು ಸುತ್ತು. ಈ ಗಾಡೀಲಿ ರಾತ್ರಿ ಪೆಟ್ರೋಲ್ ಟ್ಯಾಪ್ ತೆಗೆದೇ ಬಿಟ್ರೆ ಕಾರ್ಬ್ಯುರೇಟರಲ್ಲಿ ಸ್ವಲ್ಪ ಲೀಕ್ ಇದ್ರೂ ಪೆಟ್ರೋಲ್ ಕ್ರ್ಯಾಂಕ್ ಕೇಸಿಗೆ ಇಳಿದು ತುಂಬ್ಕೊಳುತ್ತೆ, ಬೆಳಗ್ಗೆ ಎಷ್ಟು ತುಳಿದ್ರೂ ಸ್ಟಾರ್ಟ್ ಆಗಲ್ಲ. ಮುಂಚೆ ದೊಡ್ಡಪ್ಪ ಫೋನ್ ಮಾಡಿದ್ರೆ ಊಟ ಆಯ್ತಾ, ಮಳೆ ಬಂತಾ ಅಂತ ಶುರು ಮಾಡೋರು. ಈಗ ರಾತ್ರಿ ಒಂಬತ್ತಕ್ಕೆ ಫೋನ್ ಬರುತ್ತೆ, ಹಲೋ ಅನ್ನೋಕ್ಕೂ ಬಿಡಲ್ಲ, "ಟ್ಯಾಪ್ ಆಫ್ ಮಾಡ್ದ್ಯೇನೋ?" ನಾನು ಮಾಡಿರ್ತೀನಿ, ಆದ್ರೂ ಫೋನ್ ಹಿಡ್ಕೊಂಡೇ ಕೆಳಗಿಳಿದು ಹೋಗಿ ಮುಟ್ಟಿ ನೋಡಿ, "ಮಾಡಿದ್ದೀನಿ ದೊಡ್ಡಪ್ಪ" ಅಂತೀನಿ.