ಬೆಲೆಚೀಟಿಯೊಳಗಿನ ತೆರಿಗೆ

ಇಂದು ಮಧ್ಯಾಹ್ನ ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ, ಸಂಗೀತ ಮತ್ತು ಸಿನಿಮಾ ಡಿಸ್ಕುಗಳನ್ನು ಮಾರುವ ಎಚ್‌ಎಂವಿ ಅಂಗಡಿಯಲ್ಲಿ ನನ್ನ ಪಕ್ಕದಲ್ಲಿದ್ದ ತರುಣನೊಬ್ಬ ಬ್ಲೂ-ರೇ ಡಿಸ್ಕಿನ ಬೆಲೆಚೀಟಿಯನ್ನು ನೋಡಿ, ಮೊಬೈಲಿನಲ್ಲಿ ಆನ್‌ಲೈನ್ ಬೆಲೆಯೊಂದಿಗೆ ಹೋಲಿಸಿ, ಡಿಸ್ಕನ್ನು ಮೆಲ್ಲಗೆ ಇದ್ದಲ್ಲೇ ಇಟ್ಟು ಹೊರಟುಹೋದ.

ಅವನನ್ನು ದೂರುವ ಮನಸ್ಸು ನನಗಿಲ್ಲ. ದುಡಿದ ಹಣ ಯಾರಿಗೂ ಹೆಚ್ಚಾಗಿರುವುದಿಲ್ಲ.

ಆದರೆ ಅಂಗಡಿಗೂ ಆನ್‌ಲೈನಿಗೂ ನಡುವೆ ಈ ಬೆಲೆಯ ಅಂತರ ಹುಟ್ಟಿದ ಬಗೆ ನನ್ನನ್ನು ಇಂದಿಗೂ ನೋಯಿಸುತ್ತದೆ. ಹದಿನೆಂಟು ಪೌಂಡಿನವರೆಗಿನ ಬೆಲೆಯ ಪಾರ್ಸೆಲ್‌ಗಳು ಐರೋಪ್ಯ ಒಕ್ಕೂಟದ ತೆರಿಗೆ ವಲಯದ ಹೊರಗಿನಿಂದ ಬಂದರೆ ಅವುಗಳಿಗೆ ವ್ಯಾಟ್, ಅಂದರೆ ಮಾರಾಟದ ಮೇಲಿನ ಮೌಲ್ಯವರ್ಧಿತ ತೆರಿಗೆ, ಇಲ್ಲ ಎಂಬ ವಿನಾಯಿತಿ ಬ್ರಿಟನ್ನಿನಲ್ಲಿತ್ತು. ಸಿ.ಡಿ. ಮತ್ತು ಡಿ.ವಿ.ಡಿ.ಗಳಲ್ಲಿ ಬಹುಪಾಲು ಆ ಮಿತಿಯೊಳಗೇ ಬರುತ್ತಿದ್ದುದರಿಂದ, ಆನ್‌ಲೈನ್ ಮಾರಾಟಗಾರರು ಅವನ್ನು ಆ ವಲಯದ ಹೊರಗಿದ್ದ, ಇಂಗ್ಲಿಷ್ ಕಾಲುವೆಯ ಜರ್ಸಿ, ಗರ್ನ್‌ಸಿ ದ್ವೀಪಗಳಿಂದ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಅದೇ ಡಿಸ್ಕಿನ ಮೇಲೆ ಊರಿನ ಮುಖ್ಯಬೀದಿಯ ಅಂಗಡಿಯವನು ಶೇಕಡಾ 17.5ರಷ್ಟು, 2011ರ ಜನವರಿಯಿಂದ ಶೇಕಡಾ 20ರಷ್ಟು ವ್ಯಾಟ್ ಕಟ್ಟಬೇಕಿತ್ತು. ಎಷ್ಟೇ ಶ್ರಮಿಸಿದರೂ ಆ ಅಂತರವನ್ನು ಅವನು ತುಂಬುವುದು ಹೇಗೆ?

ಆ ದ್ವೀಪಗಳ ಅಂಚೆ ಮಾರಾಟಕ್ಕಿದ್ದ ವಿನಾಯಿತಿ 2012ರ ಏಪ್ರಿಲ್ 1ರಂದು ಕೊನೆಗೊಂಡಿತು. ಅಷ್ಟರಲ್ಲಿ ಸಿ.ಡಿ., ಡಿ.ವಿ.ಡಿ.ಗಳನ್ನೂ ಮಾರುತ್ತಿದ್ದ ಎಂಟುನೂರಕ್ಕೂ ಹೆಚ್ಚು ವುಲ್‌ವರ್ತ್ಸ್ ಮಳಿಗೆಗಳು 2009ರ ಜನವರಿಯ ವೇಳೆಗೆ ಮುಚ್ಚಿದ್ದವು, ಸಂಗೀತ-ಸಿನಿಮಾ ಅಂಗಡಿಗಳ ಸರಣಿಯಾದ ಜಾವಿಯೂ ಹೋಗಿತ್ತು; 1921ರಲ್ಲಿ ಇದೇ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಮೊದಲ ಅಂಗಡಿ ತೆರೆದಿದ್ದ ಎಚ್‌ಎಂವಿ ಕೂಡ 2013ರ ಜನವರಿಯಲ್ಲಿ ದಿವಾಳಿ ಆಡಳಿತಗಾರರ ಕೈಸೇರಿತು. ಈ ಪತನಕ್ಕೆ ಡೌನ್‌ಲೋಡ್, ಸೂಪರ್‌ಮಾರ್ಕೆಟ್, ಸಾಲ ಮುಂತಾದ ಕಾರಣಗಳೂ ಇದ್ದವು ನಿಜ. ಆದರೂ ಸರ್ಕಾರ ತಾನೇ ಉಳಿಸಿಕೊಂಡಿದ್ದ ಈ ಅಸಮಾನತೆಯನ್ನು ಇನ್ನಷ್ಟು ಮೊದಲೇ ಸರಿಪಡಿಸಬಹುದಿತ್ತು ಎಂದು ನಾನು ದೃಢವಾಗಿ ನಂಬಿದ್ದೇನೆ.